ಹರಾಜಿನಲ್ಲಿ ಉಳಿದವರು

2025ರ ಮೇ ತಿಂಗಳ ಕೊನೆಯ ವಾರ ನಮ್ಮ ಕಡೆಯ ಚಹಾ ಅಂಗಡಿಗಳಲ್ಲೆಲ್ಲ ಒಂದೇ ಭಾಗಾಕಾರ ನಡೆದಿತ್ತು. ಲಕ್ನೋ ತಂಡದವರು ರಿಷಭ್ ಪಂತ್‌ನನ್ನು ಕೊಂಡದ್ದು 27 ಕೋಟಿಗೆ. ಐಪಿಎಲ್ ಹರಾಜಿನಲ್ಲಿ ಅದುವರೆಗೆ ಯಾರಿಗೂ ಅಷ್ಟು ಬೆಲೆ ಬಂದಿರಲಿಲ್ಲ. ಹದಿನಾಲ್ಕು ಪಂದ್ಯ ಮುಗಿದಾಗ ಅವನ ಲೆಕ್ಕದಲ್ಲಿದ್ದದ್ದು 269 ರನ್. ಅಂದರೆ ರನ್ನಿಗೆ ಹತ್ತು ಲಕ್ಷ! ಈ ಲೆಕ್ಕ ಹೇಳಿದವನ ಮುಖ ನೋಡಬೇಕಿತ್ತು ನೀವು, ಅವನ ಕಿಸೆಯಿಂದಲೇ ದುಡ್ಡು ಹೋದ ಹಾಗಿತ್ತು. ಆ 269ರಲ್ಲಿ 118 ಬಂದದ್ದು ಕಟ್ಟಕಡೆಯ ಪಂದ್ಯದಲ್ಲಿ, ಅದೂ ನಮ್ಮ ಬೆಂಗಳೂರಿನ ಎದುರು, ಔಟಾಗದೆ. ಇಡೀ ಸೀಸನ್ ಪರದಾಡಿದ ಒಬ್ಬ ಬ್ಯಾಟ್ಸ್‌ಮನ್ ಕೊನೇ ದಿನ ಹೇಗೆ ಕೈ ಬಿಚ್ಚಿದ, ಏನು ಬದಲಾಯಿತು ಅಂತ ಮಾತಾಡಬಹುದಿತ್ತು. ಯಾರೂ ಮಾತಾಡಲಿಲ್ಲ. ಹಿಂದಿನ ದಿನದವರೆಗೆ ರನ್ನಿಗೆ ಹದಿನೇಳು-ಹದಿನೆಂಟು ಲಕ್ಷ ಬೀಳುತ್ತಿದ್ದದ್ದು ಈಗ ಹತ್ತಕ್ಕೆ ಬಂತಲ್ಲ, ಅದರ ಬಗ್ಗೆ ಮಾತಾಡಿದರು. "ರೇಟು ಸ್ವಲ್ಪ ಇಳೀತು ಮಾರಾಯ" ಅಂತ ಒಬ್ಬ ಅಂದ, ಬಂಗಡೆ ಮೀನಿನ ಬಗ್ಗೆ ಹೇಳಿದ ಹಾಗೆ.

ನಾನು ಸ್ಕೋರ್ ಬರೆಯುವವನು. ಕುಮಟಾದಿಂದ ಭಟ್ಕಳದವರೆಗೆ, ಹೆದ್ದಾರಿಯ ಈ ಸುಮಾರು ಅರವತ್ತು ಕಿಲೋಮೀಟರ್ ಉದ್ದಕ್ಕೂ ಇರುವ ಶಾಲೆ ಮೈದಾನ, ಕೊಯ್ಲಾದ ಗದ್ದೆ, ಸಮುದ್ರದಂಚಿನ ಬಯಲುಗಳಲ್ಲಿ ಟೆನಿಸ್ ಬಾಲ್ ಪಂದ್ಯ ಇದ್ದರೆ ಪೆಂಡಾಲಿನ ಮೂಲೆಯಲ್ಲಿ ಪುಸ್ತಕ ಹಿಡಿದು ಕೂತಿರುತ್ತೇನೆ. ಓವರ್ ಆರ್ಮ್ ಆದರೂ ಸೈ, ಅಂಡರ್ ಆರ್ಮ್ ಆದರೂ ಸೈ. ಜೊತೆಗೆ ಆಟದ ಬಗ್ಗೆ ಹೀಗೆ ಬರೆಯುವ ಚಟ. ಹಾಗಾಗಿ ಈ ಭಾಗಾಕಾರ ನನ್ನ ಕಸುಬಿಗೇ ಸಂಬಂಧಪಟ್ಟ ವಿಷಯ. ಸ್ಕೋರ್ ಪುಸ್ತಕದಲ್ಲಿ ರನ್ನಿಗೆ ಜಾಗ ಇದೆ, ವೈಡಿಗೆ ಇದೆ, ಲೆಗ್ ಬೈಗೂ ಇದೆ. ಆಟಗಾರನ ಬೆಲೆ ಬರೆಯುವುದಕ್ಕೆ ಕಾಲಂ ಇಲ್ಲ. ಈಗ ನೋಡುವವರ ತಲೆಯಲ್ಲಿ ಮೊದಲು ತುಂಬುವ ಕಾಲಂ ಅದೇ. ಇದು ಸರಿಯೋ ತಪ್ಪೋ, ತಪ್ಪಾದರೆ ತಪ್ಪು ಇರುವುದು ಎಲ್ಲಿ ಅನ್ನುವುದು ಬಹಳ ದಿನದಿಂದ ಕೊರೆಯುತ್ತಿರುವ ಪ್ರಶ್ನೆ.

ಮೊದಲೇ ಒಂದು ಮಾತು. "ಆಡಲಿಕ್ಕೆ ಬಾರದವರು ಆಡುವವರ ಬಗ್ಗೆ ಮಾತಾಡಬಾರದು" ಅನ್ನುವ ವಾದವನ್ನು ನಾನು ಒಪ್ಪುವುದಿಲ್ಲ. ಈ ಮಣ್ಣಿನಲ್ಲಿ ಹುಟ್ಟಿದವರು ಯಾರೂ ಒಪ್ಪಲಿಕ್ಕಿಲ್ಲ. ಯಕ್ಷಗಾನದ ಊರು ಇದು. ಕೆರೆಮನೆಯವರು ಮೇಳ ಕಟ್ಟಿದ್ದು 1934ರಲ್ಲಿ, ಇದೇ ಹೊನ್ನಾವರ ತಾಲೂಕಿನ ಗುಣವಂತೆಯಲ್ಲಿ. ಚಿಟ್ಟಾಣಿ ರಾಮಚಂದ್ರ ಹೆಗಡೆಯವರು ಇದೇ ತಾಲೂಕಿನವರು. ಬೆಳಗಿನ ಜಾವ ಆಟ ಮುಗಿದ ಮೇಲೆ, ಕಣ್ಣು ಕೆಂಪಾಗಿಸಿಕೊಂಡು ಚಹಾ ಕುಡಿಯುತ್ತಾ ನಮ್ಮ ಜನ ಮಾಡುತ್ತಿದ್ದ ವಿಮರ್ಶೆ ಕೇಳಿದವರಿಗೆ ಗೊತ್ತು. ಕಾಲಿಗೆ ಒಂದು ದಿನ ಗೆಜ್ಜೆ ಕಟ್ಟದವರು, ಅಡಿಕೆ ಸುಲಿಯುವವರು, ಗಾಡಿ ಹೊಡೆಯುವವರು "ಇವತ್ತು ಕೀಚಕ ಏಳಲೇ ಇಲ್ಲ, ಹೋದ ವರ್ಷ ಇಡಗುಂಜಿಯಲ್ಲಿ ನೋಡಿದ್ದೇ ಬೇರೆ" ಅನ್ನುತ್ತಿದ್ದರು. ಚಿಟ್ಟಾಣಿಯವರ ಬಗ್ಗೆಯೇ! 2012ರಲ್ಲಿ ಅವರಿಗೆ ಪದ್ಮಶ್ರೀ ಬಂದ ಮೇಲೂ ಈ ಮಾತು ನಿಲ್ಲಲಿಲ್ಲ. ನಿಲ್ಲಬೇಕಾಗಿಯೂ ಇರಲಿಲ್ಲ. ರಾತ್ರಿಯೆಲ್ಲ ನಿದ್ದೆಗೆಟ್ಟು ನೋಡಿದವನು ಆ ಹಕ್ಕನ್ನು ದುಡಿದು ಪಡೆದಿರುತ್ತಾನೆ.

ಅಮೆರಿಕದಲ್ಲೂ ಹೀಗೊಬ್ಬ ಇದ್ದಾನೆ, ಬಿಲ್ ಜೇಮ್ಸ್ ಅಂತ. ಬೇಸ್‌ಬಾಲ್ ವೃತ್ತಿಪರನಾಗಿ ಆಡಿದವನಲ್ಲ. ಕ್ಯಾನ್ಸಸ್ ರಾಜ್ಯದ ಒಂದು ಡಬ್ಬಿ ಆಹಾರದ ಕಾರ್ಖಾನೆಯಲ್ಲಿ ರಾತ್ರಿ ಕಾವಲುಗಾರನಾಗಿದ್ದ. ಕಾವಲಿನ ಬೇಸರ ಕಳೆಯಲಿಕ್ಕೆ ಸ್ಕೋರ್‌ಪಟ್ಟಿಗಳನ್ನು ಹಿಡಿದು ಲೆಕ್ಕ ಹಾಕುತ್ತಾ ಕೂತ. 1977ರಲ್ಲಿ ತಾನೇ ಒಂದು ಪುಸ್ತಿಕೆ ಅಚ್ಚು ಹಾಕಿಸಿದ. ಕೊಂಡವರು ಬೆರಳೆಣಿಕೆಯಷ್ಟು ಜನ. ಅವನು ಹೇಳಿದ ಮುಖ್ಯ ಸಂಗತಿಗಳಲ್ಲಿ ಒಂದು ಇದು: ದೊಡ್ಡ ಹೊಡೆತ ಹೊಡೆಯುವವನನ್ನು ಎಲ್ಲರೂ ಹೊಗಳುತ್ತಾರೆ, ಆದರೆ ಕೆಟ್ಟ ಎಸೆತಗಳನ್ನು ತಾಳ್ಮೆಯಿಂದ ಬಿಟ್ಟು ಸುಮ್ಮನೆ ನಡೆದುಕೊಂಡು ಮೊದಲ ಬೇಸಿಗೆ ಹೋಗುವವನೂ ತಂಡಕ್ಕೆ ಅಷ್ಟೇ ಉಪಕಾರ ಮಾಡುತ್ತಿರುತ್ತಾನೆ, ಅವನನ್ನು ಯಾರೂ ನೋಡುತ್ತಿಲ್ಲ. ನಮ್ಮ ಭಾಷೆಯಲ್ಲಿ ಹೇಳುವುದಾದರೆ, ಸಿಕ್ಸ್ ಹೊಡೆಯುವವನ ಆಚೆ ತುದಿಯಲ್ಲಿ ನಿಂತು ಒಂದೊಂದು ರನ್ ಕೊಡುತ್ತಾ ಹೋಗುವ ಹುಡುಗ. ಆಟಗಾರರು, ಕೋಚ್‌ಗಳು ಮೊದಲು ನಕ್ಕರು. ಕಡೆಗೆ ಬಾಸ್ಟನ್ ತಂಡದವರು ಅವನನ್ನೇ ಕೆಲಸಕ್ಕೆ ಕರೆದರು. 1918ರಿಂದ ಕಪ್ ಕಾಣದಿದ್ದ ಆ ತಂಡ 2004ರಲ್ಲಿ ಗೆದ್ದಿತು. ಗೆಲುವು ಅವನೊಬ್ಬನಿಂದಲೇ ಬಂತು ಅಂತ ನಾನು ಹೇಳುತ್ತಿಲ್ಲ. ಮೈದಾನದ ಹೊರಗಿನವನಿಗೂ ಕಣ್ಣಿರುತ್ತದೆ ಅಂತ ಅಷ್ಟೇ.

ಚಹಾ ಅಂಗಡಿಯ ವಿಮರ್ಶಕ, ಕಾವಲುಗಾರ ಬಿಲ್ ಜೇಮ್ಸ್ ಇಬ್ಬರೂ ಅಳೆಯುತ್ತಿದ್ದದ್ದು ಆಟವನ್ನು. ನಿನ್ನೆಯ ಕೀಚಕನನ್ನು ಹೋದ ವರ್ಷದ ಕೀಚಕನ ಪಕ್ಕ ಇಟ್ಟು ನೋಡುತ್ತಿದ್ದರು. ಮೇಳದ ಯಜಮಾನರು ಕಲಾವಿದರಿಗೆ ಕೊಡುವ ಸಂಬಳದಲ್ಲಿ ಹೆಚ್ಚು ಕಡಿಮೆ ಇತ್ತು, ಅದು ಯಾರಿಗೂ ಗೊತ್ತಿಲ್ಲದ ಗುಟ್ಟೇನಲ್ಲ. ತಿರುಗಾಟ ಶುರುವಾಗುವ ಮೊದಲು ಮುಂಗಡ ಕೊಟ್ಟು ಒಬ್ಬರ ಕಲಾವಿದರನ್ನು ಇನ್ನೊಬ್ಬರು ಸೆಳೆಯುವುದೂ ಇತ್ತು. ಆದರೆ ಭಾಗವತರು ಪದ ಎತ್ತುವ ಮೊದಲು ಮೈಕಿನಲ್ಲಿ "ಈಗ ರಂಗಕ್ಕೆ ಬರುತ್ತಿರುವವರ ಸಂಬಳ ಇಷ್ಟು" ಅಂತ ಯಾರೂ ಸಾರುತ್ತಿರಲಿಲ್ಲ. ಸಾರಿದ್ದರೆ ನಮ್ಮ ಜನ ಕೀಚಕನನ್ನು ನೋಡುತ್ತಿದ್ದರಾ, ಕುಣಿತಕ್ಕೆ ಎಷ್ಟು ರೂಪಾಯಿ ಬಿತ್ತು ಅಂತ ಎಣಿಸುತ್ತಿದ್ದರಾ?

ಕಬಡ್ಡಿ ನೋಡಿ. ಪ್ರೊ ಕಬಡ್ಡಿ ಶುರುವಾದ 2014ರಲ್ಲಿ ಎಲ್ಲರಿಗಿಂತ ಹೆಚ್ಚು ಬೆಲೆ ಬಂದದ್ದು ರಾಕೇಶ್ ಕುಮಾರ್‌ಗೆ, 12 ಲಕ್ಷ 80 ಸಾವಿರ. ಎಂಟು ವರ್ಷ ಕಳೆದು 2022ರಲ್ಲಿ ಪವನ್ ಸೆಹ್ರಾವತ್‌ನನ್ನು ತಮಿಳ್ ತಲೈವಾಸ್ ಕೊಂಡದ್ದು 2 ಕೋಟಿ 26 ಲಕ್ಷಕ್ಕೆ. ನಮ್ಮ ಬೆಂಗಳೂರು ಬುಲ್ಸ್‌ಗೆ ಕಪ್ ಗೆಲ್ಲಿಸಿಕೊಟ್ಟ ಪವನ್ ಅವನು. ತಲೈವಾಸ್ ಪರ ಮೊದಲನೇ ಪಂದ್ಯದಲ್ಲೇ ಮಂಡಿಗೆ ಪೆಟ್ಟಾಗಿ ಆ ಸೀಸನ್ ಪೂರ್ತಿ ಹೊರಗೆ ಕೂತ. ಒಬ್ಬ ರೈಡರಿಗೆ ಮಂಡಿ ಅಂದರೆ ಏನು, ಕಬಡ್ಡಿ ಆಡಿದ ಯಾರನ್ನಾದರೂ ಕೇಳಿ. ಜನ ಕೇಳಿದ್ದು ಮಂಡಿಯನ್ನಲ್ಲ, "ಎರಡು ಕಾಲು ಕೋಟಿ ನೀರಲ್ಲಿ ಹೋಯ್ತಲ್ಲ" ಅಂತ. ಮರುವರ್ಷ ತೆಲುಗು ಟೈಟಾನ್ಸ್ 2 ಕೋಟಿ 60 ಲಕ್ಷದ ಮೇಲೆ ಕೊಟ್ಟು ಕೊಂಡರು. ಇಪ್ಪತ್ತೆರಡು ಪಂದ್ಯದಲ್ಲಿ ಎರಡು ಗೆದ್ದು ತಂಡ ಕೊನೆಯ ಸ್ಥಾನಕ್ಕೆ ಹೋಯಿತು. ಏಳು ಜನರ ಆಟ ಅದು. ಒಬ್ಬನ ಮೇಲೆ ಅಷ್ಟು ಸುರಿದರೆ ಮಿಕ್ಕ ಆರು ಜನಕ್ಕೆ ಪರ್ಸಿನಲ್ಲಿ ಎಷ್ಟು ಉಳಿಯುತ್ತದೆ ಅನ್ನುವುದು ಕೊಂಡವರು ಯೋಚಿಸಬೇಕಾದ ವಿಷಯ. ಬೈಸಿಕೊಂಡವನು ಪವನ್.

ಇಷ್ಟಾದರೂ, ದೊಡ್ಡ ಲೀಗುಗಳ ಬಗ್ಗೆ ನನಗೆ ಅಷ್ಟು ಸಿಟ್ಟಿಲ್ಲ. ರೈಲ್ವೆಯಲ್ಲೋ ಪೊಲೀಸಿನಲ್ಲೋ ಒಂದು ನೌಕರಿ ಸಿಕ್ಕರೆ ಪುಣ್ಯ ಅಂತ ಮಣ್ಣಿನಲ್ಲಿ ಬಿದ್ದು ಏಳುತ್ತಿದ್ದ ಕಬಡ್ಡಿ ಹುಡುಗರ ಮನೆಗೆ ಹೆಂಚು ಹೋಗಿ ತಾರಸಿ ಬಂದದ್ದು ಈ ಹರಾಜಿನಿಂದಲೇ. ಅದನ್ನು ಹೊಟ್ಟೆ ತುಂಬಿದವರು ಹಳಿಯಬಾರದು. ನನ್ನ ಕಷ್ಟ ಇರುವುದು ಹರಾಜು ಊರೊಳಗೆ ಬಂದದ್ದರ ಬಗ್ಗೆ.

ಹರಾಜು ನಮಗೆ ಹೊಸತಲ್ಲ. ಲಿಲಾವು ಅನ್ನುತ್ತೇವೆ, ಸವಾಲು ಅನ್ನುತ್ತೇವೆ. ತದಡಿ, ಕಾಸರಕೋಡ, ಭಟ್ಕಳದ ಬಂದರಿಗೆ ದೋಣಿ ಬಂದ ಕೂಡಲೇ ಮೀನಿನ ಸವಾಲು. ಕುಮಟಾದ ಎಪಿಎಂಸಿಯಲ್ಲಿ ಚಾಲಿ ಅಡಿಕೆಯ ಟೆಂಡರು. ದೇವಸ್ಥಾನದಲ್ಲಿ ಹಬ್ಬ ಮುಗಿದ ಮೇಲೆ ಫಲಾವಳಿಯ ಸವಾಲು, ಒಂದು ತೆಂಗಿನಕಾಯಿಗೆ ಸಾವಿರ ರೂಪಾಯಿ ಕೂಗಿ ಮನೆಗೆ ಒಯ್ಯುವವರಿದ್ದಾರೆ. ಕಾಯಿಗೆ ಅಷ್ಟು ಬೆಲೆಯಿಲ್ಲ ಅಂತ ಕೂಗುವವನಿಗೂ ಗೊತ್ತು, ಕೇಳುವವನಿಗೂ ಗೊತ್ತು. ಹೀಗೆ ಸವಾಲಿನ ಕೂಗು ಕಿವಿಗೆ ಹಿತವಾಗಿಬಿಟ್ಟಿರುವ ಊರಿಗೆ ಐಪಿಎಲ್ ಹರಾಜನ್ನು ಟಿವಿಯಲ್ಲಿ ತೋರಿಸಿದರೆ ಏನಾಗಬೇಕೋ ಅದೇ ಆಯಿತು. ಈಗ ಹತ್ತು-ಹದಿನೈದು ವರ್ಷಗಳಿಂದೀಚೆ ಊರೂರಿಗೊಂದು ಪ್ರೀಮಿಯರ್ ಲೀಗ್.

ಗೊತ್ತಿಲ್ಲದವರಿಗೆ ಇದು ನಡೆಯುವ ಕ್ರಮ ಹೇಳುತ್ತೇನೆ. ಊರಿನ ಮತ್ತು ಆಸುಪಾಸಿನ ಹುಡುಗರು ಹೆಸರು ನೋಂದಾಯಿಸಬೇಕು, ಅದಕ್ಕೊಂದು ಫೀಸು. ಫೋಟೋ ಕೊಡಬೇಕು, ಬ್ಯಾಟ್ಸ್‌ಮನ್ನೋ ಬೌಲರೋ ಹೇಳಬೇಕು. ಎಂಟೋ ಹತ್ತೋ ತಂಡ, ಒಂದೊಂದಕ್ಕೂ ಒಬ್ಬ ಮಾಲೀಕ. ಮಾಲೀಕ ಅಂದರೆ ಬಾರ್ ಇಟ್ಟವರು, ಬೋಟ್ ಇದ್ದವರು, ಗುತ್ತಿಗೆದಾರರು, ಮುಂದಿನ ಪಂಚಾಯತಿ ಚುನಾವಣೆಗೆ ನಿಲ್ಲುವ ಮನಸ್ಸಿದ್ದವರು. ಭಟ್ಕಳದ ಕಡೆ ದುಬೈಯಲ್ಲಿರುವವರೂ ಇರುತ್ತಾರೆ, ಅವರು ಅಲ್ಲಿಂದಲೇ ಫೋನಿನಲ್ಲಿ ಸವಾಲು ಕೂಗುತ್ತಾರೆ. ಪ್ರತಿ ತಂಡಕ್ಕೂ ಇಂತಿಷ್ಟು ಪಾಯಿಂಟು. ನಿಜವಾದ ರೂಪಾಯಿ ಹುಡುಗರ ಕೈಗೆ ಬರುವುದು ಅಪರೂಪ, ಬರೀ ಪಾಯಿಂಟಿನ ಆಟ. ಯಾವುದೋ ಸಭಾಭವನ ಹಿಡಿದು, ಪರದೆ ಕಟ್ಟಿ, ಒಬ್ಬೊಬ್ಬ ಹುಡುಗನ ಫೋಟೋ ಹಾಕಿ ಮೈಕಿನಲ್ಲಿ ಕೂಗುತ್ತಾರೆ. ಒಂದು ಸಲ, ಎರಡು ಸಲ, ಮೂರು ಸಲ. ಎಲ್ಲ ಯೂಟ್ಯೂಬಿನಲ್ಲಿ ನೇರಪ್ರಸಾರ. ಯಾರೂ ಕೂಗದಿದ್ದರೆ ಫೋಟೋದ ಮೇಲೆ ಕೆಂಪು ಅಕ್ಷರದಲ್ಲಿ ಅಡ್ಡಡ್ಡ ಬರುತ್ತದೆ: ಅನ್‌ಸೋಲ್ಡ್.

ಒಂದು ಲೀಗಿನ ಸಂಘಟಕ ಹುಡುಗನ ಹತ್ತಿರ ಇದರ ಬಗ್ಗೆ ಜಗಳವಾಡಿದೆ. ಜಗಳ ಅಂದರೆ ನಮ್ಮದು ಪ್ರೀತಿಯ ಜಗಳವೇ. ಅವನು ಒಳ್ಳೆಯವ, ಮೈದಾನಕ್ಕೆ ನೀರು ಹಾಕುವುದರಿಂದ ಹಿಡಿದು ಕಪ್ ತರುವವರೆಗೆ ಎಲ್ಲ ಮೈಮೇಲೆ ಹಾಕಿಕೊಂಡು ಮಾಡುವವ. ಅವನು ಹೇಳಿದ್ದನ್ನು ಕೇಳಿ ನಾನು ಸ್ವಲ್ಪ ಹೊತ್ತು ಸುಮ್ಮನಾದೆ.

"ಅಣ್ಣ, ಮುಂಚೆ ಎಂತ ಆಗ್ತಿತ್ತು ನಿಮಗೇ ಗೊತ್ತುಂಟಲ್ಲ. ಟೂರ್ನಮೆಂಟ್ ಮಾಡಿದ್ರೆ ಒಂದೊಂದು ಕೇರಿಗೆ ಒಂದೊಂದು ಟೀಮು. ಈ ಜಾತಿಯವರದ್ದು ಒಂದು, ಆ ಜಾತಿಯವರದ್ದು ಒಂದು, ಅವರದ್ದು ಬೇರೆ. ಫೈನಲ್ ಅಂದ್ರೆ ಹೊಡೆದಾಟ ಆಗೂದಿಲ್ಲ ಅಂತ ಗ್ಯಾರಂಟಿ ಇರ್ಲಿಲ್ಲ. ಈಗ ಹರಾಜಿನಲ್ಲಿ ಮಾಲೀಕ ಹೆಸರು ನೋಡೂದಿಲ್ಲ, ಕೈ ನೋಡ್ತಾನೆ. ಒಂದೇ ಜೆರ್ಸಿಯಲ್ಲಿ ಮೂರು ಕೇರಿಯ ಹುಡುಗರು ಆಡ್ತಾರೆ. ಇದನ್ನ ಬೇರೆ ಯಾವುದು ಮಾಡ್ತು ಹೇಳಿ?"

ಭಟ್ಕಳದ ಪಕ್ಕದಲ್ಲಿ ನಿಂತು ಈ ಮಾತು ಕೇಳಿದರೆ ಹಗುರವಾಗಿ ತಳ್ಳಿಹಾಕಲಿಕ್ಕೆ ಆಗುವುದಿಲ್ಲ. 1993ರ ಗಲಭೆ ನೋಡಿದ ತಲೆಮಾರಿನವರು ನಾವು. ಆಮೇಲೆ ಎಷ್ಟೋ ವರ್ಷ ಯಾರು ಯಾರ ಜೊತೆ ಆಡುತ್ತಾರೆ ಅನ್ನುವುದು ಬರೀ ಆಟದ ಪ್ರಶ್ನೆಯಾಗಿ ಉಳಿದಿರಲಿಲ್ಲ. ನನ್ನ ಪುಸ್ತಕದಲ್ಲೇ ನೋಡುತ್ತೇನಲ್ಲ, ಹಳೆಯ ಸ್ಕೋರ್ ಪುಸ್ತಕಗಳಲ್ಲಿ ಒಂದು ಪುಟ ತೆಗೆದರೆ ಹನ್ನೊಂದು ಹೆಸರೂ ಒಂದೇ ಬಗೆ. ಈಗಿನ ಪುಟಗಳಲ್ಲಿ ಒಬ್ಬ ನಾಯ್ಕನ ಕ್ಯಾಚನ್ನು ಒಬ್ಬ ಅಹ್ಮದ್ ಹಿಡಿಯುವುದಲ್ಲ, ನಾಯ್ಕನ ಬೌಲಿಂಗಿಗೆ ಅಹ್ಮದ್ ಕ್ಯಾಚ್ ಹಿಡಿಯುತ್ತಾನೆ. ವ್ಯತ್ಯಾಸ ಗೊತ್ತಾಯಿತಲ್ಲ? ಮುಂಚೆ ಅವರು ಎದುರಾಳಿಗಳು, ಈಗ ಇಬ್ಬರೂ ಸೇರಿ ಮೂರನೆಯವನನ್ನು ಔಟ್ ಮಾಡುತ್ತಾರೆ. ಇದನ್ನು ಮಾಡಿದ್ದು ಯಾವ ಶಾಂತಿಸಭೆಯೂ ಅಲ್ಲ, ಮಾಲೀಕನ ಸ್ವಾರ್ಥ. ಗೆಲ್ಲಬೇಕು ಅನ್ನುವವನಿಗೆ ಯಾರ್ಕರ್ ಹಾಕುವವ ಬೇಕು, ಅವನು ಯಾವ ಕೇರಿಯವನಾದರೇನು. ಬೆಲೆ ಕಟ್ಟುವುದರಲ್ಲಿ ಇಂಥದ್ದೊಂದು ಕುರುಡು ನ್ಯಾಯ ಇದೆ ಅನ್ನುವುದನ್ನು ನಾನು ಒಪ್ಪಲೇಬೇಕು. ಎಲ್ಲರಿಗೂ ಸಮನಾದ ಪಾಯಿಂಟು ಕೊಡುವುದರಿಂದ ತಂಡಗಳೂ ಸಮಬಲ ಆಗುತ್ತವೆ, ಪಂದ್ಯ ರಂಗೇರುತ್ತದೆ.

ಹಾಗಾದರೆ ತಕರಾರು ಏನು?

ಇಲ್ಲಿ ಕರ್ಟ್ ಫ್ಲಡ್ ಅನ್ನುವವನ ಕತೆ ಹೇಳಬೇಕು. ಕ್ರಿಕೆಟ್ ಹುಚ್ಚಿನ ನಮ್ಮಲ್ಲಿ ಬೇಸ್‌ಬಾಲ್‌ನವರ ಹೆಸರು ಗೊತ್ತಿರುವವರು ಕಡಿಮೆ, ಆದರೆ ಈ ಹೆಸರು ಗೊತ್ತಿರಬೇಕು. ಸೇಂಟ್ ಲೂಯಿಸ್ ತಂಡಕ್ಕೆ ಹನ್ನೆರಡು ವರ್ಷ ಆಡಿದ ಕಪ್ಪು ಜನಾಂಗದ ಆಟಗಾರ. ಫೀಲ್ಡಿಂಗಿನಲ್ಲಿ ಅವನ ಸಮ ಇರಲಿಲ್ಲ, ಶ್ರೇಷ್ಠ ಫೀಲ್ಡರಿಗೆ ಕೊಡುವ ಪ್ರಶಸ್ತಿ ಸಾಲಾಗಿ ಏಳು ವರ್ಷ ಬಂದಿತ್ತು. 1969ರ ಅಕ್ಟೋಬರಿನಲ್ಲಿ ಒಂದು ದಿನ ಅವನನ್ನು ಫಿಲಡೆಲ್ಫಿಯಾ ತಂಡಕ್ಕೆ ಕೊಟ್ಟುಬಿಟ್ಟರು. ಅವನನ್ನು ಕೇಳಲಿಲ್ಲ. ಕೇಳುವ ಪದ್ಧತಿಯೇ ಇರಲಿಲ್ಲ. ಒಮ್ಮೆ ಒಂದು ತಂಡಕ್ಕೆ ಸಹಿ ಹಾಕಿದರೆ ಮುಗಿಯಿತು, ಆ ತಂಡ ಇಟ್ಟುಕೊಳ್ಳುವಷ್ಟು ಕಾಲ ಅವರದ್ದೇ, ಮಾರಿದರೆ ಮಾರಿದವರ ಕಡೆಗೆ. ಆಗ ಅವನ ಸಂಬಳ ವರ್ಷಕ್ಕೆ 90 ಸಾವಿರ ಡಾಲರ್, ಆ ಕಾಲಕ್ಕೆ ದೊಡ್ಡ ಮೊತ್ತ. ಸುಮ್ಮನೆ ಪೆಟ್ಟಿಗೆ ಕಟ್ಟಿ ಹೋಗಬಹುದಿತ್ತು. ಹೋಗಲಿಲ್ಲ. ಆ ವರ್ಷದ ಕ್ರಿಸ್‌ಮಸ್ ಮುನ್ನಾದಿನ ಬೇಸ್‌ಬಾಲ್ ಆಯುಕ್ತರಿಗೆ ಒಂದು ಪತ್ರ ಬರೆದ. ತನ್ನ ಇಷ್ಟ ಏನು ಅಂತ ಕೇಳದೆ ಕೊಳ್ಳಲಿಕ್ಕೆ, ಮಾರಲಿಕ್ಕೆ ತಾನು ಯಾರ ಆಸ್ತಿಯೂ ಅಲ್ಲ ಅನ್ನುವುದು ಅದರ ಸಾರ. ಇಷ್ಟು ಸಂಬಳ ಪಡೆಯುವವನು ಗುಲಾಮ ಹೇಗಾಗುತ್ತಾನೆ ಅಂತ ಟಿವಿಯವರು ಕೇಳಿದರು. ಸಂಬಳ ಹೆಚ್ಚಿದ ಮಾತ್ರಕ್ಕೆ ಗುಲಾಮಗಿರಿ ಗುಲಾಮಗಿರಿಯಲ್ಲದೆ ಹೋಗುವುದಿಲ್ಲ ಅನ್ನುವ ಅರ್ಥದ ಉತ್ತರ ಕೊಟ್ಟ.

ಕೋರ್ಟಿಗೆ ಹೋದ. ಜಾಕಿ ರಾಬಿನ್‌ಸನ್ ಬಂದು ಅವನ ಪರ ಸಾಕ್ಷಿ ಹೇಳಿದರು. ಆಗ ಆಡುತ್ತಿದ್ದ ಆಟಗಾರರಲ್ಲಿ ಒಬ್ಬನೂ ಬಂದು ಸಾಕ್ಷಿ ಹೇಳಲಿಲ್ಲ. 1972ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟಿನಲ್ಲಿ 5-3ರಿಂದ ಸೋತ. ಅಷ್ಟರಲ್ಲಿ ಅವನ ಆಟವೂ ಮುಗಿದಿತ್ತು. ಮೂರು ವರ್ಷ ಕಳೆದು, 1975ರಲ್ಲಿ, ಬೇರೆ ಇಬ್ಬರು ಆಟಗಾರರ ದೂರಿನ ಮೇಲೆ ಆ ಪದ್ಧತಿ ಮುರಿದುಬಿತ್ತು. ಅದರ ಲಾಭ ಉಂಡವರು ಫ್ಲಡ್‌ನ ನಂತರ ಬಂದವರು.

ಈ ಕತೆಯಲ್ಲಿ ನನಗೆ ಮುಖ್ಯವಾದದ್ದು ಅವನು ಬೆರಳಿಟ್ಟು ತೋರಿಸಿದ ಜಾಗ. ಅವನ ಜಗಳ ದುಡ್ಡು ಹೆಚ್ಚೋ ಕಡಿಮೆಯೋ ಅನ್ನುವುದರ ಬಗ್ಗೆ ಇರಲಿಲ್ಲ, "ನನ್ನನ್ನು ಕೇಳಿದಿರಾ?" ಅನ್ನುವುದರ ಬಗ್ಗೆ ಇತ್ತು. ನಮ್ಮ ಹರಾಜಿನಲ್ಲಿ ಹುಡುಗರು ತಾವಾಗಿ ಹೆಸರು ಕೊಡುತ್ತಾರೆ, ಆದ್ದರಿಂದ ಒಪ್ಪಿಗೆ ಇದ್ದೇ ಇದೆ ಅನ್ನುತ್ತಾರೆ. ಅರ್ಧ ನಿಜ. ಆಡಬೇಕು ಅಂದರೆ ಈಗ ಇದೊಂದೇ ಬಾಗಿಲು, ಬೇರೆ ಟೂರ್ನಮೆಂಟೇ ಉಳಿದಿಲ್ಲ. ಒಂದೇ ಬಾಗಿಲಿರುವ ಮನೆಗೆ ಅವನು ತಾನಾಗಿ ಆ ಬಾಗಿಲಿನಿಂದ ಬಂದ ಅಂದರೆ ಏನರ್ಥ? ಐಪಿಎಲ್‌ನಲ್ಲೂ ಹೆಸರು ಕೊಡುವುದು ನಿಮ್ಮ ಇಷ್ಟ, ಕೊಟ್ಟ ಮೇಲೆ ಯಾರ ಪಾಲಾಗುತ್ತೀರಿ ಅನ್ನುವುದು ನಿಮ್ಮ ಇಷ್ಟ ಅಲ್ಲ. ಹರಾಜಾದ ಮೇಲೆ ಬರಲ್ಲ ಅಂದರೆ ಎರಡು ವರ್ಷ ನಿಷೇಧ. 2025ರಲ್ಲಿ ಇಂಗ್ಲೆಂಡಿನ ಹ್ಯಾರಿ ಬ್ರೂಕ್‌ಗೆ ಅದೇ ಆಯಿತು. ಅಲ್ಲಿಯಾದರೂ ಕೈಗೆ ಕೋಟಿ ಬರುತ್ತದೆ, ಏಜೆಂಟ್ ಇರುತ್ತಾನೆ, ಆಡಲಿಕ್ಕೆ ಬೇರೆ ದೇಶ, ಬೇರೆ ಲೀಗು ಇರುತ್ತದೆ. ನಮ್ಮ ಊರಿನ ಹುಡುಗನಿಗೆ ಅದ್ಯಾವುದೂ ಇಲ್ಲ. ಬೆಲೆಯ ಮುಜುಗರ ಮಾತ್ರ ಇಲ್ಲಿಗೆ ಬಂದಿದೆ, ಬೆಲೆ ಬಂದಿಲ್ಲ.

ಎರಡು ವರ್ಷದ ಹಿಂದೆ ಹೊನ್ನಾವರ ತಾಲೂಕಿನ ಒಂದು ಕಡೆ ಹರಾಜಿಗೆ ನನ್ನನ್ನೂ ಕರೆದಿದ್ದರು, ಹುಡುಗರ ಹಿಂದಿನ ವರ್ಷದ ಲೆಕ್ಕ ಹೇಳಲಿಕ್ಕೆ. ಒಬ್ಬ ಹುಡುಗನ ಫೋಟೋ ಬಂತು. ಹತ್ತೊಂಬತ್ತೋ ಇಪ್ಪತ್ತೋ ವಯಸ್ಸು. ನನಗೆ ಚೆನ್ನಾಗಿ ಗೊತ್ತಿರುವ ಹುಡುಗ. ದೊಡ್ಡ ಹೊಡೆತಗಾರನಲ್ಲ, ಬೌಲಿಂಗೂ ಅಷ್ಟಕ್ಕಷ್ಟೆ. ಆದರೆ ಡೀಪಿನಲ್ಲಿ ನಿಲ್ಲಿಸಿದರೆ ಚೆಂಡು ದಾಟುವುದಿಲ್ಲ. ಒಂದು ಪಂದ್ಯಕ್ಕೆ ಎಂಟು-ಹತ್ತು ರನ್ ಉಳಿಸುವವನು. ಸ್ಕೋರ್ ಪುಸ್ತಕದಲ್ಲಿ ಉಳಿಸಿದ ರನ್ನಿಗೆ ಜಾಗವಿಲ್ಲ ನೋಡಿ, ಹಾಗಾಗಿ ಅವನ ಹೆಸರಿನ ಮುಂದೆ ನಾನು ಓದಿ ಹೇಳುವಂಥದ್ದು ಏನೂ ಇರಲಿಲ್ಲ. ಬಾಯಿಮಾತಿನಲ್ಲಿ ಹೇಳಿದೆ, ಫೀಲ್ಡರ್ ಒಳ್ಳೆಯವ ಅಂತ. ಕೂಗುವವನು ಮೂಲ ಬೆಲೆ ಹೇಳಿದ. ಯಾರೂ ಕೈ ಎತ್ತಲಿಲ್ಲ. ಅರ್ಧಕ್ಕೆ ಇಳಿಸಿದ. ಯಾರೋ ನಕ್ಕರು. ಕೆಂಪು ಅಕ್ಷರ ಬಿತ್ತು. ಹುಡುಗ ಹಿಂದಿನ ಸಾಲಿನಲ್ಲಿ ಗೆಳೆಯರ ಜೊತೆ ಕೂತಿದ್ದ. ತಾನೂ ನಕ್ಕ. ಸ್ವಲ್ಪ ಹೊತ್ತಿಗೆ ನೋಡಿದರೆ ಕುರ್ಚಿ ಖಾಲಿ.

ಮರುದಿನ ಪೇಟೆಯಲ್ಲಿ ಅವನ ತಾಯಿ ಸಿಕ್ಕರು. ಮೀನು ಮಾರುವವರು. ದಿನಾ ಬೆಳಗಾದರೆ ಬಂದರಿನಲ್ಲಿ ಸವಾಲು ಕೂಗಿ ಮೀನು ತರುವವರು ಅವರು, ಹರಾಜು ಅಂದರೆ ಏನು ಅಂತ ಅವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಅವರ ತಂಗಿಯ ಮಗ ಮೊಬೈಲಿನಲ್ಲಿ ನೇರಪ್ರಸಾರ ತೋರಿಸಿದ್ದನಂತೆ.

"ಅಣ್ಣಾ, ನಮ್ಮ ಹುಡುಗನ್ನ ಯಾರೂ ತಕಂಡಿಲ್ವಂತೆ, ಹೌದಾ?"

ಹೌದು ಅಂದೆ.

"ಕಟ್ಟಿದ ಮುನ್ನೂರು ರೂಪಾಯಿ ತಿರುಗಿ ಕೊಡ್ತಾರಾ?"

ಕೊಡುವುದಿಲ್ಲ ಅಂತ ನನಗೆ ಗೊತ್ತಿತ್ತು. ನಿಯಮದಲ್ಲೇ ಬರೆದಿರುತ್ತದೆ. ಉಳಿದ ಹುಡುಗರ ದುಡ್ಡು ಕಪ್ಪಿಗೆ, ಪೆಂಡಾಲಿಗೆ, ಕ್ಯಾಮೆರಾದವನಿಗೆ ಹೋಗುತ್ತದೆ. ಅಂದರೆ ಯಾರನ್ನು ಯಾರೂ ಕೊಳ್ಳಲಿಲ್ಲವೋ ಅವನು ದುಡ್ಡು ಕೊಟ್ಟು ಆ ಮಾತನ್ನು ಹೇಳಿಸಿಕೊಂಡ ಹಾಗಾಯಿತು. ಈ ಪ್ರಶ್ನೆ ಇಷ್ಟು ವರ್ಷದಲ್ಲಿ ಒಬ್ಬ ಕ್ರೀಡಾಪ್ರೇಮಿಯೂ ನನ್ನ ಹತ್ತಿರ ಕೇಳಿರಲಿಲ್ಲ. ಪಂತ್‌ನ ರನ್ನಿಗೆ ಹತ್ತು ಲಕ್ಷ ಅಂತ ಭಾಗಿಸುವವರಿಗೆ ಈ ಮುನ್ನೂರನ್ನು ಸೊನ್ನೆ ಪಂದ್ಯದಿಂದ ಭಾಗಿಸುವ ಯೋಚನೆ ಬರುವುದಿಲ್ಲ.

ಮುಂಚೆಯೂ ಅವಮಾನ ಇತ್ತಲ್ಲ ಅನ್ನಬಹುದು. ಗದ್ದೆಯಲ್ಲಿ ಆಡುವಾಗ ಇಬ್ಬರು ಕ್ಯಾಪ್ಟನ್ ನಿಂತು ಒಬ್ಬೊಬ್ಬರನ್ನೇ ಆರಿಸುತ್ತಿದ್ದರು, ಕಟ್ಟಕಡೆಗೆ ಉಳಿಯುವವನ ಸಂಕಟ ಉಳಿದವನಿಗೇ ಗೊತ್ತು. ನಿಜ. ಆದರೆ ಆ ಕೊನೆಯವನೂ ಆಡುತ್ತಿದ್ದ. ಬೆಸ ಸಂಖ್ಯೆಯಾಗಿ ಒಬ್ಬ ಹೆಚ್ಚಾದರೆ ಅವನು ಕಾಮನ್, ಎರಡೂ ಕಡೆಗೂ ಫೀಲ್ಡಿಂಗ್ ಮಾಡುತ್ತಿದ್ದ, ಎರಡೂ ಕಡೆಯಿಂದ ಬ್ಯಾಟಿಂಗ್ ಸಿಗುತ್ತಿತ್ತು. ನಮ್ಮ ಕೇರಿಯಲ್ಲಿ ಕೆಲವರು ಬೇಕಂತಲೇ ಕಾಮನ್ ಆಗಲಿಕ್ಕೆ ಹಿಂದೆ ನಿಲ್ಲುತ್ತಿದ್ದರು! ಮತ್ತೆ, ಅಂದಿನ ಆಯ್ಕೆ ಸಂಜೆಗೆ ಮರೆತುಹೋಗುತ್ತಿತ್ತು, ನಾಳೆ ಹೊಸ ಟಾಸ್, ಹೊಸ ಆಯ್ಕೆ. ಯೂಟ್ಯೂಬಿನ ವಿಡಿಯೋ ಹಾಗಲ್ಲ. ನಾಳೆ ಆ ಹುಡುಗ ಮದುವೆಯಾಗಿ ಮಕ್ಕಳಾದ ಮೇಲೂ ಅದು ಅಲ್ಲಿಯೇ ಇರುತ್ತದೆ.

ಕೇರಿಗಳನ್ನು ಬೆರೆಸಬೇಕು, ತಂಡಗಳು ಸಮ ಆಗಬೇಕು, ಇವೆರಡೂ ನನಗೂ ಬೇಕು. ಅದಕ್ಕೆ ಹರಾಜೇ ಆಗಬೇಕಾಗಿಲ್ಲ. ಹುಡುಗರನ್ನು ಆಟದ ಮಟ್ಟ ನೋಡಿ ಮೂರೋ ನಾಲ್ಕೋ ಗುಂಪು ಮಾಡಿ, ಒಂದೊಂದು ಗುಂಪಿನಿಂದ ಚೀಟಿ ಎತ್ತಿದರೆ ಸಾಕು. ದೇವರ ಮುಂದೆ ಚೀಟಿ ಎತ್ತುವ ಜನ ನಾವು, ಅದರ ಮೇಲೆ ಯಾರೂ ತಕರಾರು ಮಾಡುವುದಿಲ್ಲ. ಗುಂಪು ಮಾಡುವುದೂ ಅಳೆಯುವುದೇ ಅಲ್ಲವಾ ಅಂದರೆ, ಹೌದು, ಅಳೆಯುವುದೇ. ಆಟ ಅಂದ ಮೇಲೆ ಅಳತೆ ಇದ್ದೇ ಇದೆ, ಚೆನ್ನಾಗಿ ಆಡದವನಿಗೆ ಚೆನ್ನಾಗಿ ಆಡಲಿಲ್ಲ ಅಂತ ಹೇಳುವುದನ್ನು ಬಿಡಬೇಕು ಅಂತ ನಾನು ಹೇಳುತ್ತಿಲ್ಲ. ಆ ಫೀಲ್ಡರ್ ಹುಡುಗನಿಗೆ "ನಿನ್ನ ಬ್ಯಾಟಿಂಗ್ ಎಂತದೂ ಸಾಲದು" ಅಂತ ನಾನೇ ಎಷ್ಟೋ ಸಲ ಮುಖಕ್ಕೆ ಹೇಳಿದ್ದೇನೆ. ಅವನು ಬೇಜಾರು ಮಾಡಿಕೊಳ್ಳಲಿಲ್ಲ, "ನೀವು ಸ್ಟ್ಯಾನ್ಸ್ ಹೇಳಿಕೊಡಿ" ಅಂದ. ಆ ಮಾತಿಗೆ ಉತ್ತರ ಕೊಡಲಿಕ್ಕೆ ಅವನಿಗೆ ಜಾಗ ಇತ್ತು. ಪರದೆಯ ಮೇಲಿನ ಕೆಂಪು ಅಕ್ಷರಕ್ಕೆ ಏನಂತ ಉತ್ತರ ಕೊಡುತ್ತಾನೆ?

ಸಂಘಟಕ ಹುಡುಗ ಈ ಚೀಟಿಯ ಮಾತು ಕೇಳಿ ತಲೆ ಕೆರೆದುಕೊಂಡ. "ಮಾಲೀಕರು ಒಪ್ಪೂದಿಲ್ಲ ಅಣ್ಣ. ಅವರಿಗೆ ಕೂಗೂದ್ರಲ್ಲೇ ಮಜಾ. ಆಡೂದನ್ನ ನೋಡ್ಲಿಕ್ಕೆ ಎಷ್ಟೋ ಮಾಲೀಕರು ಬರೂದೇ ಇಲ್ಲ, ಹರಾಜಿಗೆ ತಪ್ಪೂದಿಲ್ಲ." ಇದು ಬಹಳ ನಿಜ. ಸೆಮಿಫೈನಲಿನ ದಿನ ಮಾಲೀಕರ ಸೋಫಾ ಖಾಲಿ ಇದ್ದದ್ದನ್ನು ನಾನೂ ನೋಡಿದ್ದೇನೆ.

ಕಳೆದ ಮಳೆಗಾಲ ಮುಗಿದ ಮೇಲೆ ಅವರ ಸಭೆಗೆ ಹೋಗಿ ಮೂರು ವಿಷಯ ಇಟ್ಟೆ. ಒಂದು, ಚೀಟಿ. ಅದು ಅಲ್ಲೇ ಬಿದ್ದುಹೋಯಿತು, ನಿರೀಕ್ಷಿಸಿದ್ದೇ. ಎರಡು, ಯಾರೂ ಕೊಳ್ಳದ ಹುಡುಗರ ದುಡ್ಡು ವಾಪಸ್ಸು ಕೊಡಿ, ಮತ್ತು ಅವರನ್ನು ಕೊನೆಗೆ ಚೀಟಿ ಎತ್ತಿಯಾದರೂ ಒಂದೊಂದು ತಂಡಕ್ಕೆ ಹಂಚಿ. ಇದಕ್ಕೆ ಅರ್ಧ ಗಂಟೆ ವಾದ ಆಯಿತು. ಖಜಾಂಚಿ ಲೆಕ್ಕ ತೆಗೆದ, ಕ್ಯಾಮೆರಾ ಒಂದು ಕಡಿಮೆ ಮಾಡಿದರೆ ಆಗುತ್ತದೆ ಅಂದ. ಒಪ್ಪಿದರು. ಪ್ರತಿ ತಂಡಕ್ಕೆ ಹದಿಮೂರು ಇದ್ದದ್ದು ಈಗ ಹದಿನೈದು ಹುಡುಗರು. ಮೂರನೆಯದು, ಆ ಕೆಂಪು ಅಕ್ಷರ ತೆಗೆಯಿರಿ, ಯಾರೂ ಕೂಗದ ಹೆಸರುಗಳನ್ನು ಮೈಕಿನಲ್ಲಿ ಎರಡನೇ ಸಲ ಓದಬೇಡಿ. ಇದಕ್ಕೆ ಒಪ್ಪಲಿಲ್ಲ. ಯಾಕೆ ಅಂತ ಕೇಳಿದರೆ ವಿಡಿಯೋ ನೋಡಿಕೊಳ್ಳುವ ಹುಡುಗ ಮೊಬೈಲ್ ತೆರೆದು ತೋರಿಸಿದ. ಹಿಂದಿನ ವರ್ಷದ ಹರಾಜಿನ ಪ್ರಸಾರದಲ್ಲಿ ಎಲ್ಲಕ್ಕಿಂತ ಹೆಚ್ಚು ಜನ ನೋಡುತ್ತಿದ್ದದ್ದು ಕೊನೆಯ ಇಪ್ಪತ್ತು ನಿಮಿಷ, ಉಳಿದವರ ಹೆಸರು ಮತ್ತೆ ಓದುವಾಗ.